ಮೂವತ್ತೊಂಬತ್ತು ಲೋಟ

ತಿಂಗಳ ಮೊದಲ ಭಾನುವಾರದ ಹಿಂದಿನ ರಾತ್ರಿ
ನಮ್ಮ ಮನೆ ತುಂಬ ದ್ರಾಕ್ಷಿಯ ಬಿಸಿ ವಾಸನೆ.
ಕಂದವಾರದಾಚೆಯ ತೋಟದಲ್ಲಿ ಗೊಂಚಲು ಕತ್ತರಿಸಿ
ಕೂಲಿಯ ಜೊತೆ ಉದುರು ಹಣ್ಣು ಕಟ್ಟಿಸಿಕೊಂಡು ಬರುತ್ತಿದ್ದಳು
ಅವ್ವ, ಸಮಾಧಾನಮ್ಮ.
ಮೂರು ನೀರಲ್ಲಿ ತೊಳೆದು, ಡಬರಿಯಲ್ಲಿ ಕುದಿಸಿ,
ಆರಿದ ಮೇಲೆ ಹಳೆ ಬಿಳಿ ಸೀರೆಯ ತುಂಡಲ್ಲಿ ಹಿಂಡುವಳು.
ಹಿಂಡುವಾಗ ಮಾತಾಡಳು.
ಬುಧವಾರ ಬಂದರೂ ಉಗುರ ಸುತ್ತ
ನೀಲಿ ಹೋಗದು.

ಮೊದಲು ಒಂದೇ ಪಾತ್ರೆ.
ಬೆಳ್ಳಿಯದೆಂದು ಸಭೆ ನಂಬಿತ್ತು,
ಬರೀ ಲೇಪವೆಂದು ತೊಳೆಯುವವಳಿಗೆ ಗೊತ್ತಿತ್ತು.
ಅಂಚಿನಲ್ಲೊಂದು ನಗ್ಗು.
ಬೆಂಚುಗಳನ್ನೆಲ್ಲ ದಾಟಿ
ಹಿಂದೆ ಚಾಪೆಯ ಮೇಲೆ ಕೂತ ನಮ್ಮಲ್ಲಿಗೆ ಬರುವಾಗ
ತಳ ಕಾಣುತ್ತಿತ್ತು.
ನಾನು ನಗ್ಗಿನ ಮೇಲೇ ತುಟಿಯಿಡುತ್ತಿದ್ದೆ.
ಅಷ್ಟು ಬಾಯಿ ಮುಟ್ಟಿದ ಲೋಹ, ಬೆಚ್ಚಗೆ.

ಆಮೇಲೆ ಬಂದ ಅಯ್ಯನವರು, ಸೈಕಲ್ಲಿನ ತೆಳ್ಳನೆ ಮನುಷ್ಯ,
ಒಂದು ದಿನ ಚಾಪೆ ಸುತ್ತಿ ಗೋಡೆಗೊರಗಿಸಿ
ಬೆಂಚು ತೋರಿಸಿದರು.
ಅಂದು ಪಾತ್ರೆ ಮೊದಲು ಬಂದದ್ದು ಅವ್ವನ ಬಾಯಿಗೆ.
ಪಕ್ಕದಲ್ಲಿದ್ದ ವಿಜಯಾನಂದ ಮೇಷ್ಟರಿಗೆ
ಥಟ್ಟನೆ ಕೆಮ್ಮು.
ಕೆಮ್ಮುತ್ತ ಎದ್ದು ಹೊರಗೆ ಹೋದರು.
ಆ ಕೆಮ್ಮು ಸಾಲಿಂದ ಸಾಲಿಗೆ ಅಂಟಿತು.

ಮರುತಿಂಗಳೇ ತಟ್ಟೆ ಬಂತು.
ತೂತು ತೂತಿನ ಸ್ಟೀಲು ತಟ್ಟೆ, ನಲವತ್ತು ಗಾಜಿನ ಲೋಟ,
ಒಂದೊಂದೂ ಹೆಬ್ಬೆರಳುದ್ದ.
ಆರೋಗ್ಯಕ್ಕೆ ಎಂದರು. ಎಲ್ಲೆಲ್ಲೂ ಕಾಯಿಲೆ ಎಂದರು.
ಯಾವ ಕಾಯಿಲೆಯೆಂದು ಹೆಸರಿಡಲಿಲ್ಲ.
ಕೂತವರು ತೊಂಬತ್ತು ಜನ.
ಯಾರ ಮುಂದೆ ನಿಲ್ಲಬೇಕು, ಯಾರನ್ನು ದಾಟಬೇಕು
ತಟ್ಟೆ ಹಿಡಿದವರಿಗೆ ಗೊತ್ತಿತ್ತು.
ದಾಟಿ ಉಳಿದವರಿಗೆ ನಗ್ಗಿನ ಪಾತ್ರೆ.
ಅಯ್ಯನವರಿಗೆ ಆ ವರ್ಷವೇ ವರ್ಗ,
ಲಾರಿಯ ಮೇಲೆ ಸೈಕಲ್ ಮಲಗಿಕೊಂಡು ಹೋಯಿತು.

ನಲವತ್ತನ್ನೂ ತೊಳೆಯುವವಳು ಅವ್ವನೇ.

ಒಂದು ದಿನ ಕಮಿಟಿಯ ಬಾಗಿಲಲ್ಲಿ ನಿಂತು ಕೇಳಿದಳು,
ಜಗಳದ ದನಿಯಲ್ಲಲ್ಲ, ಪಕ್ಕದ ಮನೆಯಲ್ಲಿ
ಹಿಡಿ ಉಪ್ಪು ಕೇಳುವ ದನಿಯಲ್ಲಿ:

"ಅಲ್ಲ ಮೇಷ್ಟ್ರೇ, ಆ ರಸ ಇಸುಕೋದು ಈ ಕೈ.
ಬೆವರು ಬಿದ್ದಿರಬೌದು, ಉಗುರು ತಾಕಿರಬೌದು.
ಅದೆಲ್ಲ ನಿಮ್ಮ ಹೊಟ್ಟೆ ಸೇರಿ ಎಷ್ಟು ವರ್ಷ ಆಯ್ತು.
ಒಳಗೆ ಬಿಟ್ಕೊಂಡ್ ಮೇಲೆ
ತುಟೀಲಿ ಯಾಕೆ ಕಾವಲು?"

ಫ್ಯಾನು ತಿರುಗುತ್ತಿತ್ತು.
ಮೇಷ್ಟರಿಗೆ ಈ ಸಲ ಕೆಮ್ಮೂ ಬರಲಿಲ್ಲ.
ನಿರ್ಣಯವಾಯಿತು:
ಇನ್ನು ಮುಂದೆ ಅಂಗಡಿಯಿಂದ ಬಾಟಲಿ ರಸ.

ಅವ್ವನ ಉಗುರು ಬೆಳ್ಳಗಾಯಿತು.

ಪವಿತ್ರ ಗುರುವಾರದ ಸಂಜೆ
ಮೇಷ್ಟರ ತಾಯಿ ದೇವಪ್ರೀತಮ್ಮ, ಕೈ ನಡುಕದ ಮುದುಕಿ,
ಲೋಟ ಹಿಡಿಯಲಾಗದೆ ಮಡಿಲಿಗೆ ಚೆಲ್ಲಿಕೊಂಡಳು.
ಇನ್ನೊಂದು ಕೊಟ್ಟರು. ಅದೂ.
"ಆ ದೊಡ್ಡದು ಕೊಡ್ರೋ,
ಎರಡು ಕೈಯಲ್ಲಿ ಹಿಡಿಯೋ ಅಂಥಾದ್ದು."
ದೊಡ್ಡದು ಆಗ ಅವ್ವನ ಕೈಯಲ್ಲಿತ್ತು, ಕುಡಿದು ಅರ್ಧವಾಗಿ.
ಅವಳು ಎದ್ದು ಹೋದಳು. ಒರೆಸಲಿಲ್ಲ.
ಮುದುಕಿಯ ಬೆರಳ ಮೇಲೆ ಬೆರಳಿಟ್ಟು ಹಿಡಿದಳು.
ಮೇಷ್ಟರು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.
ಮುದುಕಿ ಕುಡಿದು, ತುಟಿ ಚಪ್ಪರಿಸಿ,
ಇಡೀ ದೇವಾಲಯಕ್ಕೆ ಕೇಳುವಂತೆ ಅಂದಳು:
"ಇದು ನೀನು ಹಿಂಡಿದ್ದಲ್ಲ ಕಣೇ, ಸಮಾಧಾನ.
ಸಪ್ಪೆ."

ಅಷ್ಟೇ. ತೆರೆ ಹರಿಯಲಿಲ್ಲ, ಬಂಡೆ ಸೀಳಲಿಲ್ಲ.
ಮುಂದಿನ ತಿಂಗಳೂ ಅದೇ ತಟ್ಟೆ.
ಎಣಿಸಿದರೆ ಮೂವತ್ತೊಂಬತ್ತು,
ನಲವತ್ತಕ್ಕೆ ಒಂದು ಕಮ್ಮಿ, ಚಾಟಿಯೇಟಿನ ಹಳೇ ಲೆಕ್ಕ.
ಮುದುಕಿ ಒಡೆದಿರಬೇಕೆಂದು ಪುಸ್ತಕದಲ್ಲಿ ಬರೆದುಕೊಂಡರು.

ಒಡೆದಿಲ್ಲ. ನನ್ನ ಹತ್ತಿರ ಇದೆ.
ಕದ್ದದ್ದು, ಹೌದು.
ಮಗಳಿಗೆ ಜ್ವರ ಬಂದರೆ ಅದರಲ್ಲೇ ಔಷಧಿ ಅಳೆದು ಕೊಡುತ್ತೇನೆ.
ಅರ್ಧ ಕುಡಿದು, ಮುಖ ಕಿವಿಚಿ,
ಎಂಜಲು ಲೋಟವನ್ನು ನನ್ನ ಬಾಯಿಗೇ ಹಿಡಿಯುತ್ತಾಳೆ:
ನೀನೂ.